ಮಾಲೆ: ನೀರಿನ ನಡುವೆ ನೀರಿಲ್ಲದ ರಾಜಧಾನಿ

(ಮಂಡ್ಯದಲ್ಲಿ ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಮಾಲ್ಡೀವ್ಸ್‌ಗೆ ಹೋಗಿಬಂದವರು ಈಗ ನಮ್ಮ ಮಂಡ್ಯದಲ್ಲೂ ಸಿಗುತ್ತಾರೆ. ಮದುವೆಯಾದ ಹೊಸದರಲ್ಲಿ ಹೋದವರು, ಕಂಪನಿ ಕಡೆಯಿಂದ ಹೋದವರು. ಅವರನ್ನು ಅಲ್ಲಿನ ರಾಜಧಾನಿ ಮಾಲೆ ಹೇಗಿದೆ ಅಂತ ಕೇಳಿ. "ಅಲ್ಲೇನಿದೆ, ಬರೀ ಗಿಜಿಗಿಜಿ" ಅಂತಾರೆ. ವಿಮಾನ ಇಳಿಯುತ್ತಿದ್ದಂತೆ ಸ್ಪೀಡ್‌ಬೋಟ್ ಹತ್ತಿ ರೆಸಾರ್ಟಿಗೆ ಹೋಗುವುದು, ಅಲ್ಲಿಂದ ಸೀದಾ ವಾಪಸ್ ವಿಮಾನಕ್ಕೆ. ರಾಜಧಾನಿಯನ್ನು ದೂರದಿಂದ ನೋಡಿದ್ದಷ್ಟೇ.

ನಾನು ಇವತ್ತು ಮಾತಾಡುವುದು ಹೀಗೆ ಎಲ್ಲರೂ ಬಿಟ್ಟುಬರುವ ಆ ಊರಿನ ಬಗ್ಗೆ. ಆ ದೇಶದಲ್ಲಿ ಒಂದೇ ಜಾಗ ನೋಡಬೇಕು ಅಂದರೆ ಮಾಲೆಯನ್ನೇ ನೋಡಿ ಅಂತ ನಾನು ಹೇಳುತ್ತೇನೆ. ಅದರಲ್ಲೂ ಮಂಡ್ಯ, ಮೈಸೂರಿನ ಕಡೆಯವರು. ಯಾಕೆಂದರೆ ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಅಂತ ಬೆಳಿಗ್ಗೆ ಪೇಪರಿನಲ್ಲಿ ಮೊದಲು ನೋಡುವ ಜನ ನಾವು. 124.80 ಅಡಿ ಅಂದರೆ ಕಟ್ಟೆ ತುಂಬಿತು ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಆ ಕಣ್ಣಿರುವವರಿಗೆ ಮಾಲೆ ಬೇರೆಯೇ ಥರ ಕಾಣುತ್ತದೆ.

ದ್ವೀಪದ ಮೇಲೆ ರಾಜಧಾನಿ ಅನ್ನುವುದು ನಮಗೇನೂ ಹೊಸದಲ್ಲ. ಹತ್ತಿರದಲ್ಲೇ ಶ್ರೀರಂಗಪಟ್ಟಣ ಇದೆ. 1610ರಿಂದ 1799ರವರೆಗೆ ಅದೇ ಮೈಸೂರು ಸೀಮೆಯ ರಾಜಧಾನಿ. ಅಲ್ಲಿ ಹೊಳೆ ಎರಡು ಕೆಲಸ ಮಾಡುತ್ತಿತ್ತು. ಶತ್ರುವನ್ನು ತಡೆಯುತ್ತಿತ್ತು, ಊರಿಗೆ ಕುಡಿಯಲು ನೀರು ಕೊಡುತ್ತಿತ್ತು. 1799ರ ಮೇ 4ರಂದು ಬೇಸಿಗೆಯ ಹೊಳೆ ಇಳಿದಿತ್ತು, ಇಂಗ್ಲಿಷರ ಸೈನ್ಯ ದಾಟಿಬಂತು. ಮಾಲೆಯ ಸುತ್ತಲಿನ ನೀರು ಯಾವತ್ತೂ ಇಳಿಯುವುದಿಲ್ಲ. ಆದರೆ ಅದರ ಒಂದು ಲೋಟವನ್ನೂ ಕುಡಿಯುವ ಹಾಗಿಲ್ಲ.

ಮೊದಲು ಊರಿನ ಅಳತೆ ಹೇಳುತ್ತೇನೆ. ಮೂಲ ಮಾಲೆ ದ್ವೀಪ ಸುಮಾರು ಎರಡು ಚದರ ಕಿಲೋಮೀಟರ್, ಅಷ್ಟೇ. ಒಂದೂವರೆ ಗಂಟೆ ನಿಧಾನವಾಗಿ ನಡೆದರೆ ಇಡೀ ರಾಜಧಾನಿಗೆ ಒಂದು ಸುತ್ತು ಬಂದ ಹಾಗೆ. 2022ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 5.15 ಲಕ್ಷ. ಅದರಲ್ಲಿ ಹತ್ತಕ್ಕೆ ನಾಲ್ಕು ಜನ ಮಾಲೆ ನಗರದವರು. ಪಕ್ಕದ ಹುಳುಮಾಲೆ, ವಿಲಿಮಾಲೆ ದ್ವೀಪಗಳೂ ಈ ಲೆಕ್ಕದಲ್ಲಿ ಸೇರಿವೆ. ಬೀದಿಗಳು ಕಿರಿದು. ಮನೆಗಳು ಪಕ್ಕಕ್ಕೆ ಹೋಗಲಾರದೆ ಮೇಲಕ್ಕೆ ಹೋಗಿವೆ. ಬೈಕುಗಳು ಎಷ್ಟು ಒತ್ತಾಗಿ ನಿಂತಿರುತ್ತವೆ ಎಂದರೆ ಒಂದನ್ನು ತೆಗೆಯಬೇಕಾದರೆ ನಾಲ್ಕನ್ನು ಸರಿಸಬೇಕು. ಗಿಜಿಗಿಜಿ ಅಂದವರ ಮಾತು ಸುಳ್ಳಲ್ಲ. ಆದರೆ ಆ ಗಿಜಿಗಿಜಿಗೆ ಒಂದು ಕಾರಣ ಇದೆ. ಸಾವಿರಕ್ಕೂ ಹೆಚ್ಚು ದ್ವೀಪಗಳು ಚದುರಿಬಿದ್ದ ದೇಶದಲ್ಲಿ ದೊಡ್ಡ ಆಸ್ಪತ್ರೆ, ದೊಡ್ಡ ಶಾಲೆ, ಕೆಲಸ ಎಲ್ಲ ಇರುವುದು ಇಲ್ಲಿ. ಮಗುವಿನ ಓದಿಗೆ ಅಂತ ಊರು ಬಿಟ್ಟು ಬಂದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇರುವ ಸಂಸಾರಗಳು ಅಲ್ಲಿ ಬೇಕಾದಷ್ಟು. ನಮ್ಮ ನಾಗಮಂಗಲದಿಂದ, ಮಳವಳ್ಳಿಯಿಂದ ಮೈಸೂರಿಗೆ ಬಂದವರ ಕಥೆಯೇ, ಮಧ್ಯೆ ಸಮುದ್ರ ಇದೆ ಅಷ್ಟೆ.

ಈ ಊರು ಅಕ್ಕಿ ಬೆಳೆಯುವುದಿಲ್ಲ. ಬೆಳೆಯುವ ಮಣ್ಣೇ ಇಲ್ಲ. ಕಾಲ ಕೆಳಗೆ ಇರುವುದು ಹವಳದ ಪುಡಿ. ಹಾಗಾದರೆ ಸಾವಿರ ವರ್ಷದಿಂದ ಇವರು ಊಟ ಮಾಡಿದ್ದು ಹೇಗೆ?

ಉತ್ತರ ನಮ್ಮ ಅಜ್ಜಿಯರ ಚೌಕಾಬಾರದ ಡಬ್ಬಿಯಲ್ಲಿದೆ. ಕವಡೆ. ಹಳೆಯ ಕಾಲದಲ್ಲಿ ಲೋಕಕ್ಕೆಲ್ಲ ಕವಡೆ ಕೊಡುತ್ತಿದ್ದ ದೊಡ್ಡ ಜಾಗ ಅಂದರೆ ಮಾಲ್ಡೀವ್ಸ್. ತೆಂಗಿನ ಗರಿಗಳನ್ನು ಕಟ್ಟಿ ತಿಳಿ ಕಡಲಿನಲ್ಲಿ ತೇಲಿಬಿಡುತ್ತಿದ್ದರು. ಕವಡೆಗಳು ಬಂದು ಗರಿಗೆ ಅಂಟಿಕೊಳ್ಳುತ್ತಿದ್ದವು. ಎಳೆದು ದಡಕ್ಕೆ ಹಾಕಿ, ಗುಂಡಿಯಲ್ಲಿ ಹೂತು, ಒಳಗಿನ ಹುಳ ಕೊಳೆತ ಮೇಲೆ ತೊಳೆದರೆ ಹಣ ತಯಾರು. ಬಂಗಾಳದಲ್ಲಿ ಅದು ಚಲಾವಣೆಯ ನಾಣ್ಯ. ಮೊರೊಕ್ಕೊದಿಂದ ಬಂದ ಪ್ರವಾಸಿ ಇಬ್ನ್ ಬತೂತ 1343-44ರ ಸುಮಾರಿನಲ್ಲಿ ಮಾಲೆಯಲ್ಲಿದ್ದ, ಅಲ್ಲಿ ಖಾಜಿಯ, ಅಂದರೆ ನ್ಯಾಯಾಧೀಶನ ಕೆಲಸವನ್ನೂ ಮಾಡಿದ. ಆಗ ಆಳುತ್ತಿದ್ದವಳು ಖದೀಜಾ ಎಂಬ ರಾಣಿ ಅಂತ ಬರೆದಿದ್ದಾನೆ. ಈ ಜನ ಬಂಗಾಳದವರಿಗೆ ಕವಡೆ ಕೊಟ್ಟು ಅಕ್ಕಿ ತಗೊಳ್ಳುತ್ತಾರೆ ಅಂತಲೂ ಬರೆದಿದ್ದಾನೆ. ಆಗ ಕವಡೆ. ಆಮೇಲೆ ಒಣಗಿಸಿದ ಟ್ಯೂನಾ ಮೀನು, ಅದು ಶ್ರೀಲಂಕಾಕ್ಕೆ ಹೋಗುತ್ತಿತ್ತು, ಈಗಲೂ ಹೋಗುತ್ತದೆ. 1972ರಲ್ಲಿ ಮೊದಲ ರೆಸಾರ್ಟ್ ಶುರುವಾಯಿತು, ಈಗ ಪ್ರವಾಸಿಗರು. ಸಮುದ್ರ ಏನು ಕೊಡುತ್ತದೋ ಅದನ್ನು ಕೊಟ್ಟು ಅಕ್ಕಿ ತರುವುದು. ಈ ಲೆಕ್ಕ ಮಾತ್ರ ಬದಲಾಗಿಲ್ಲ.

ಹಾಗಾಗಿ ಮಾಲೆಗೆ ಹೋದವರು ಊರಿನ ಉತ್ತರ ದಡದಲ್ಲಿರುವ ಮೀನು ಮಾರುಕಟ್ಟೆಗೆ ಮಧ್ಯಾಹ್ನದ ಮೇಲೆ ಹೋಗಬೇಕು, ದೋಣಿಗಳು ವಾಪಸ್ ಬರುವ ಹೊತ್ತಿಗೆ. ಮಾಂಸಾಹಾರ ತಿನ್ನದವರೂ ಹೋಗಬೇಕು. ಟೈಲ್ಸ್ ಹಾಕಿದ ನೆಲ, ಅದರ ಮೇಲೆ ಸಾಲಾಗಿ ಟ್ಯೂನಾ. ಬೆನ್ನು ಕಡುನೀಲಿ, ಹೊಟ್ಟೆಯ ಮೇಲೆ ಉದ್ದಕ್ಕೆ ಕಪ್ಪು ಗೆರೆ. ಮೀನು ಕೊಂಡವರು ಪಕ್ಕದ ಕಟ್ಟೆಗೆ ಒಯ್ಯುತ್ತಾರೆ. ಕೊಯ್ಯುವವನು ತಲೆ ತೆಗೆದು, ಬೆನ್ನುಮೂಳೆಯ ಗುಂಟ ಚಾಕು ಎಳೆದು, ಕೆಂಪು ಮಾಂಸವನ್ನು ನಾಲ್ಕು ಉದ್ದ ಹೋಳು ಮಾಡಿ ಕೈಗಿಡುತ್ತಾನೆ. ಅಷ್ಟರಲ್ಲಿ ನೆಲಕ್ಕೆ ನೀರು ಬಿದ್ದು ರಕ್ತ ಹರಿದುಹೋಗಿರುತ್ತದೆ. ವಾಸನೆ ಇದೆ, ಆದರೆ ಕೊಳೆತ ವಾಸನೆ ಅಲ್ಲ. ಈ ಮೀನನ್ನು ಬಲೆ ಹಾಕಿ ಹಿಡಿದಿಲ್ಲ ಅನ್ನುವುದು ನನಗೆ ಬಹಳ ಹಿಡಿಸಿತು. ಕೋಲಿಗೆ ಗಾಳ ಕಟ್ಟಿ ಒಂದೊಂದಾಗಿ ಎತ್ತುತ್ತಾರೆ. ಗಾಳದ ಕೊಕ್ಕೆಗೆ ಮುಳ್ಳಿರುವುದಿಲ್ಲ. ಕೋಲು ಎತ್ತಿ ಬೀಸಿದರೆ ಮೀನು ತಾನೇ ಕಳಚಿಕೊಂಡು ದೋಣಿಯೊಳಗೆ ಬೀಳುತ್ತದೆ. ಆಮೆ, ಡಾಲ್ಫಿನ್ ಸಿಕ್ಕಿಹಾಕಿಕೊಂಡು ಸಾಯುವುದು ಇದರಿಂದ ತಪ್ಪುತ್ತದೆ.

ಬೆಳಿಗ್ಗೆ ಹೊತ್ತು ಹುಕುರು ಮಿಸ್ಕಿ ನೋಡಿ. ಹಳೆಯ ಶುಕ್ರವಾರದ ಮಸೀದಿ, ಸುಲ್ತಾನ್ ಇಬ್ರಾಹಿಂ ಇಸ್ಕಂದರ್ 1658ರಲ್ಲಿ ಕಟ್ಟಿಸಿದ್ದು. ಬೇರೆ ಧರ್ಮದವರು ಒಳಗೆ ಹೋಗಬೇಕಾದರೆ ಅನುಮತಿ ಬೇಕು. ಆದರೆ ಹೊರಗಿನ ಗೋಡೆ ನೋಡಿದರೂ ಸಾಕು. ಅದು ಇಟ್ಟಿಗೆಯಲ್ಲ, ಬಂಡೆಯಲ್ಲ. ಹವಳ. ಸಮುದ್ರದಿಂದ ದೊಡ್ಡ ಹವಳದ ಗುಂಡುಗಳನ್ನು ಎತ್ತಿ, ಹಸಿ ಇರುವಾಗಲೇ ಕೊಯ್ದು ಕೆತ್ತುತ್ತಿದ್ದರು. ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಗಾರೆ ಹಾಕದೆ, ಒಂದರ ಅಂಚಿಗೆ ಇನ್ನೊಂದನ್ನು ಕಚ್ಚಿಸಿ ಜೋಡಿಸಿದ್ದಾರೆ. ನೀವು ಬಸರಾಳಿಗೋ ಹೊಸಹೊಳಲಿಗೋ ಹೋಗಿದ್ದರೆ ಇದು ಥಟ್ಟನೆ ಅರ್ಥವಾಗುತ್ತದೆ. ಹೊಯ್ಸಳರ ಬಳಪದ ಕಲ್ಲೂ ಹಾಗೇ ಅಲ್ವಾ? ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದಮೇಲೆ ಗಟ್ಟಿ. ಅದಕ್ಕೇ ಅಷ್ಟು ನಯವಾದ ಕೆತ್ತನೆ ಸಾಧ್ಯವಾಯಿತು. ಹತ್ತಿರ ಹೋಗಿ ನೋಡಿದರೆ ಮಾಲೆಯ ಆ ಗೋಡೆಯಲ್ಲಿ ಬಳ್ಳಿ, ಸುರುಳಿಗಳ ನಡುವೆ ಹವಳದ ಹುಳುಗಳು ಬದುಕಿದ್ದ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಅಂಗಳದ ಸಮಾಧಿ ಕಲ್ಲುಗಳೂ ಹವಳದವೇ. ಚೂಪು ತುದಿಯದು ಗಂಡಸಿನದು, ಗುಂಡು ತುದಿಯದು ಹೆಂಗಸಿನದು.

1153ರಲ್ಲಿ ಇಸ್ಲಾಂ ಬರುವ ಮೊದಲು ಆ ದ್ವೀಪಗಳಲ್ಲಿ ಬೌದ್ಧರಿದ್ದರು. ಆ ಕಾಲದ ಹವಳದ ಬುದ್ಧನ ತಲೆಗಳು ಅಲ್ಲಿನ ಮ್ಯೂಸಿಯಂನಲ್ಲಿದ್ದವು. 2012ರ ಫೆಬ್ರವರಿಯ ಗಲಾಟೆಯಲ್ಲಿ ಒಂದು ಗುಂಪು ನುಗ್ಗಿ ಅವನ್ನು ಒಡೆದುಹಾಕಿತು. ನೂರಾರು ವರ್ಷ ಮಣ್ಣೊಳಗೆ ಉಳಿದದ್ದು ಗಾಜಿನ ಪೆಟ್ಟಿಗೆಯಲ್ಲಿ ಉಳಿಯಲಿಲ್ಲ. ಈ ಸಂಗತಿ ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಈಗ ನೀರಿನ ವಿಷಯಕ್ಕೆ ಬರೋಣ. ಮಾಲೆಯಲ್ಲಿ ಮಳೆ ಕಡಿಮೆಯೇನಲ್ಲ. ಮಂಡ್ಯಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಬೀಳುತ್ತದೆ. ಆದರೆ ಆ ದೇಶದಲ್ಲಿ ಹೊಳೆ ಇಲ್ಲ, ಕೆರೆ ಕಟ್ಟಲು ಜಾಗ ಇಲ್ಲ. ಬಿದ್ದ ಮಳೆ ಹವಳದ ನೆಲದೊಳಗೆ ಇಂಗುತ್ತದೆ. ಕೆಳಗೆ ಉಪ್ಪುನೀರು. ಸಿಹಿನೀರು ಹಗುರ, ಹಾಗಾಗಿ ಬೆರೆಯದೆ ಅದರ ಮೇಲೆ ತೇಲುತ್ತ ನಿಲ್ಲುತ್ತದೆ. ಇದಕ್ಕೊಂದು ಚೆಂದದ ಲೆಕ್ಕ ಇದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಕೇಳಲು ಖುಷಿ. ಆದರೆ ತಿರುಗಿಸಿ ನೋಡಿ. ಮೇಲಿನ ಒಂದು ಅಡಿ ಎಳೆದುಬಿಟ್ಟರೆ ಕೆಳಗಿನಿಂದ ಉಪ್ಪುನೀರು 40 ಅಡಿ ಮೇಲೇರುತ್ತದೆ. ಜನ ಕಡಿಮೆ ಇದ್ದಾಗ ಮನೆಮನೆಗೂ ಬಾವಿ ಇತ್ತು, ಸಾಕಾಗುತ್ತಿತ್ತು. ಜನ ಹೆಚ್ಚಾದರು, ಬಾವಿ ಉಪ್ಪಾಯಿತು. ಅದೇ ನೆಲಕ್ಕೆ ಪಾಯಿಖಾನೆ ನೀರೂ ಇಳಿಯುತ್ತಿತ್ತು. 1978ರಲ್ಲಿ ಕಾಲರಾ ಬಂತು.

ಆಮೇಲೆ, 1988ರಲ್ಲಿ, ಸಮುದ್ರದ ನೀರನ್ನೇ ಸಿಹಿ ಮಾಡಲು ಶುರುಮಾಡಿದರು. ನಮ್ಮ ಹಳ್ಳಿಗಳಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಇದೆಯಲ್ಲ, ಅದೇ ಆರ್‌ಒ ವಿಧಾನ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ನೀರನ್ನು ಉಪ್ಪು ಸೋಸುವ ಪೊರೆಯ ಮೂಲಕ ತಳ್ಳಲು ಬಹಳ ಒತ್ತಡ ಬೇಕು, ಒತ್ತಡಕ್ಕೆ ಕರೆಂಟು ಬೇಕು. ಅಲ್ಲಿ ಕರೆಂಟು ಬಹುಪಾಲು ಡೀಸೆಲ್ ಜನರೇಟರಿನಿಂದ. ಡೀಸೆಲ್ ಹಡಗಿನಲ್ಲಿ ಬರಬೇಕು. ಅಂದರೆ ಮಾಲೆಯಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ ಎಲ್ಲೋ ಒಂದು ಕಡೆ ಡೀಸೆಲ್ ಉರಿಯುತ್ತದೆ. ಮೈಸೂರಿನ ನಲ್ಲಿಗೆ ಹೊಂಗಳ್ಳಿಯಿಂದ, ಬೆಳಗೊಳದಿಂದ ಕಾವೇರಿ ಏರಿ ಬರುವುದಕ್ಕೂ ಪಂಪು ಬೇಕು, ನಿಜ. ಆದರೆ ನೀರನ್ನು ನಾವು ತಯಾರಿಸುತ್ತಿಲ್ಲ, ಕೊಡಗಿನ ಮಳೆ ತಯಾರಿಸಿ ಕೊಡುತ್ತಿದೆ.

2014ರ ಡಿಸೆಂಬರ್ 4ರಂದು ಆ ನೀರಿನ ಘಟಕಕ್ಕೆ ಬೆಂಕಿ ಬಿತ್ತು. ಲಕ್ಷಕ್ಕೂ ಹೆಚ್ಚು ಜನರ ನಲ್ಲಿ ಒಣಗಿತು. ಅಂಗಡಿಗಳ ಮುಂದೆ ಬಾಟಲಿ ನೀರಿಗೆ ನೂಕುನುಗ್ಗಲು. ಮಾರನೆಯ ದಿನವೇ ಭಾರತದ ವಾಯುಪಡೆಯ ವಿಮಾನಗಳು ಕುಡಿಯುವ ನೀರು ಹೊತ್ತು ಇಳಿದವು. ನೌಕಾಪಡೆಯ ಸುಕನ್ಯಾ, ದೀಪಕ್ ಹಡಗುಗಳು ಹೋದವು. ಸುಕನ್ಯಾ ತನ್ನದೇ ಯಂತ್ರದಲ್ಲಿ ಸಮುದ್ರದ ನೀರು ಶುದ್ಧಮಾಡಿ ಊರಿಗೆ ಕೊಟ್ಟಿತು. ಇದಕ್ಕೆ ಆಪರೇಷನ್ ನೀರ್ ಅಂತ ಹೆಸರಿಟ್ಟಿದ್ದರು. ಒಂದು ರಾಜಧಾನಿಗೆ ವಿಮಾನದಲ್ಲಿ ಕುಡಿಯುವ ನೀರು! ಕಾವೇರಿ ಗಲಾಟೆಯ ದಿನಗಳಲ್ಲಿ ಹೆದ್ದಾರಿಯಲ್ಲಿ ಕೂತವರಿಗೆ ಈ ಸುದ್ದಿಯ ತೂಕ ಗೊತ್ತಾಗುತ್ತದೆ.

ಸಂಜೆ ದಕ್ಷಿಣ ದಡಕ್ಕೆ ಹೋದರೆ ನಾಲ್ಕು ಕಾಲಿನ ದೊಡ್ಡ ದೊಡ್ಡ ಕಾಂಕ್ರೀಟ್ ಗುಂಡುಗಳ ರಾಶಿ ಕಾಣುತ್ತದೆ. ಟೆಟ್ರಾಪಾಡ್ ಅಂತಾರೆ. ಮುಂಬೈನ ಮರೀನ್ ಡ್ರೈವ್‌ನಲ್ಲೂ ನೋಡಿರುತ್ತೀರಿ. ಇವು ಯಾಕೆ ಬಂದವು ಅನ್ನುವುದು ಗಮನಿಸಬೇಕಾದ ವಿಷಯ. ಜಾಗ ಸಾಲದೆ ದ್ವೀಪವನ್ನು ಹವಳದಂಡೆಯ ಅಂಚಿನವರೆಗೂ ತುಂಬಿ ಬೆಳೆಸಿದರು. ಮನೆ ಕಟ್ಟಲು ಅದೇ ದಂಡೆಯ ಹವಳ ಒಡೆದರು. ಅಲೆಯನ್ನು ದೂರದಲ್ಲೇ ಮುರಿದು ಮಲಗಿಸುತ್ತಿದ್ದದ್ದು ಆ ದಂಡೆಯೇ. 1987ರಲ್ಲಿ ದೊಡ್ಡ ಅಲೆಗಳು ಊರೊಳಗೆ ನುಗ್ಗಿದವು. ಆಮೇಲೆ ಜಪಾನಿನ ನೆರವಿನಿಂದ ಈ ಗೋಡೆ ಎದ್ದಿತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಮಾಲೆಗೂ ನೀರು ಬಂತು, ಆದರೆ ಗೋಡೆ ಇದ್ದದ್ದರಿಂದ ಊರು ಉಳಿಯಿತು ಅಂತ ಅಲ್ಲಿನ ಜನ ನಂಬುತ್ತಾರೆ.

ಹವಳ ಒಡೆಯುವುದನ್ನು ಬಿಗಿ ಮಾಡಿದ ಮೇಲೆ ಮನೆ ಕಟ್ಟುವ ಮರಳು, ಜಲ್ಲಿ ಹೊರಗಿನಿಂದ ಬರಬೇಕಾಯಿತು. ಭಾರತದಿಂದಲೂ ಹೋಗುತ್ತದೆ. 1981ರ ವ್ಯಾಪಾರ ಒಪ್ಪಂದದ ಮೇರೆಗೆ ಅಕ್ಕಿ, ಈರುಳ್ಳಿ, ಆಲೂಗಡ್ಡೆ, ಮೊಟ್ಟೆ ಜೊತೆಗೆ ಹೊಳೆ ಮರಳನ್ನೂ ಜಲ್ಲಿಯನ್ನೂ ಇಷ್ಟಿಷ್ಟು ಅಂತ ಕಳಿಸುತ್ತೇವೆ. ಒಂದು ಕಡೆ ಹವಳದಂಡೆ ಉಳಿಯಿತು, ಇನ್ನೊಂದು ಕಡೆ ಯಾವುದೋ ಹೊಳೆಯ ಮಡಿಲು ಖಾಲಿಯಾಯಿತು. ಮರಳು ಲಾರಿಗಳನ್ನು ನೋಡಿ ನೋಡಿ ಬೇಸತ್ತ ನಮ್ಮ ಜಿಲ್ಲೆಯವರು ಇದನ್ನು ಯೋಚಿಸಬೇಕು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಗೆ ಬೇರೆ ದಾರಿ ಕಡಿಮೆ. ನಮಗೆ ದಾರಿಗಳಿದ್ದವು, ಈಗಲೂ ಇವೆ.

ಹೋಗುವವರಿಗೆ ಒಂದಿಷ್ಟು ವಿವರ. ಬೆಂಗಳೂರಿನಿಂದ ಸುಮಾರು ಎರಡು ಗಂಟೆಯ ಹಾರಾಟ. ಭಾರತೀಯರಿಗೆ ಮೊದಲೇ ವೀಸಾ ಬೇಡ, ಇಳಿದ ಮೇಲೆ ಕೊಡುತ್ತಾರೆ. ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಒಂದು ಫಾರಂ ತುಂಬಬೇಕು. ವಿಮಾನ ನಿಲ್ದಾಣ ಪಕ್ಕದ ಹುಳುಲೆ ದ್ವೀಪದಲ್ಲಿದೆ. 2018ರಲ್ಲಿ ಸೇತುವೆ ಆಗಿದೆ, ಬಸ್ಸು ಸಿಗುತ್ತದೆ. ಆದರೆ ದೋಣಿಯಲ್ಲೇ ಹೋಗಿ. ಹತ್ತು ನಿಮಿಷದಲ್ಲಿ ನೀರಿನಿಂದಲೇ ಎದ್ದ ಹಾಗೆ ಇಡೀ ಊರು ಎದುರಿಗೆ ಬರುತ್ತದೆ. ಮಾಲೆಯಲ್ಲಿ ಮದ್ಯ ಇಲ್ಲ. ಬಟ್ಟೆ ಮೈ ಮುಚ್ಚುವ ಹಾಗಿರಲಿ. ನಮಾಜಿನ ಹೊತ್ತಿಗೆ ಅಂಗಡಿ ಸ್ವಲ್ಪ ಮುಚ್ಚುತ್ತಾರೆ. ಶುಕ್ರವಾರ ಬೆಳಿಗ್ಗೆ ಊರೇ ಮಲಗಿರುತ್ತದೆ, ಆ ದಿನ ಇಟ್ಟುಕೊಳ್ಳಬೇಡಿ.

ಬೆಳಗಿನ ತಿಂಡಿಗೆ ಚಹಾದ ಅಂಗಡಿಯಲ್ಲಿ ಮಸ್ ಹುನಿ ಕೇಳಿ. ಟ್ಯೂನಾ, ತೆಂಗಿನತುರಿ, ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ ಎಲ್ಲ ಕೈಯಲ್ಲೇ ಹಿಸುಕಿ ಕಲಸಿರುತ್ತಾರೆ, ಜೊತೆಗೆ ರೊಶಿ ಅನ್ನುವ ತೆಳ್ಳನೆ ಚಪಾತಿ. ತಟ್ಟೆಯಲ್ಲಿ ಮೀನು ಮತ್ತು ತೆಂಗು ಅವರದು. ರೊಶಿಯ ಹಿಟ್ಟು ಹಡಗಿನಲ್ಲಿ ಬಂದದ್ದು, ಈರುಳ್ಳಿ ಬಹುಶಃ ನಮ್ಮ ದೇಶದ್ದು. ಸಸ್ಯಾಹಾರಿಗಳಿಗೆ ಅನ್ನ, ದಾಲ್ ಸಿಗುವ ಭಾರತದವರ ಹೋಟೆಲುಗಳಿವೆ. ತೊಂದರೆಯಾಗುವುದಿಲ್ಲ.

ರೆಸಾರ್ಟಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆ ನೀಲಿ ನೀರು ನಿಜಕ್ಕೂ ಚೆಂದ. ಮಾಲೆಗೂ ಒಂದು ಇಡೀ ದಿನ ಇಡಿ, ಒಂದು ರಾತ್ರಿ ಅಲ್ಲೇ ಉಳಿಯಿರಿ. ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ನಡೆದಾಡಲು ಅನುಕೂಲ. ಮಕ್ಕಳನ್ನು ಕರೆದುಕೊಂಡು ಹೋದರೆ ಬಾವಿಯ ಆ 40 ಅಡಿ ಲೆಕ್ಕವನ್ನು ಅಲ್ಲೇ ನಿಂತು ಹೇಳಿಕೊಡಿ. ಮದ್ದೂರಿನ ಕಡೆ ಬೋರ್‌ವೆಲ್ ಕೊರೆಸಿದವರು ಇಲ್ಲಿ ಕೆಲವರು ಕೂತಿದ್ದೀರಿ. ಅಂತರ್ಜಲದ ಬಗ್ಗೆ ನಿಮ್ಮ ಅನುಭವ ನನಗಿಂತ ದೊಡ್ಡದು. ಪ್ರಶ್ನೆ ಇದ್ದರೆ ಕೇಳಿ, ಆ ವಿಷಯದಿಂದಲೇ ಶುರುಮಾಡೋಣ.