ಬಂದ ದಾರಿಗೆ ಮತ್ತೆ: ಎರಡು ಹಳೆಯ ವಿಡಿಯೋ ಗೇಮ್‌ಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಟಿವಿ ಗೇಮ್ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಟಿವಿಗೆ ವೈರ್ ಸಿಕ್ಕಿಸಿ, ಡಬ್ಬಿಗೆ ಒಂದು ಕ್ಯಾಸೆಟ್ ಹಾಕಿದರೆ ಮಾರಿಯೋ ಬರುತ್ತಿದ್ದ. ಇನ್ನೊಂದು ಹಾಕಿದರೆ ಕಾಂಟ್ರಾ. ಎರಡರಲ್ಲೂ ಹೆಚ್ಚು ಕಮ್ಮಿ ಒಂದೇ ಕೆಲಸ, ಮುಂದೆ ಓಡುವುದು. ಮಾರಿಯೋದಲ್ಲಂತೂ ದಾಟಿ ಬಂದ ಜಾಗ ಪರದೆಯಿಂದ ಆಚೆ ಹೋಯಿತು ಅಂದರೆ ಹೋಯಿತು. ಹಿಂದೆ ಬಿಟ್ಟ ನಾಣ್ಯ ಎಷ್ಟೇ ಬೇಕು ಅನ್ನಿಸಿದರೂ ವಾಪಸ್ ಹೋಗುವ ಹಾಗಿರಲಿಲ್ಲ.

ಮಾರಿಯೋ ಮಾಡಿದ್ದು ನಿಂಟೆಂಡೊ. ಕಾಂಟ್ರಾ ಮಾಡಿದ್ದು ಕೊನಾಮಿ. ಜಪಾನಿನ ಈ ಎರಡು ಕಂಪನಿಗಳೇ ಮುಂದೆ ಇನ್ನೂ ಎರಡು ಆಟ ತಂದವು. 1994ರಲ್ಲಿ ನಿಂಟೆಂಡೊದಿಂದ 'ಸೂಪರ್ ಮೆಟ್ರಾಯ್ಡ್' ಬಂತು. 1997ರಲ್ಲಿ ಕೊನಾಮಿಯಿಂದ 'ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದಿ ನೈಟ್'. ಇವತ್ತು ಪ್ರಪಂಚದಾದ್ಯಂತ ಗೇಮ್ ಆಡುವವರು 'ಮೆಟ್ರಾಯ್ಡ್‌ವೇನಿಯಾ' ಅಂತ ಒಂದು ಬಗೆಯ ಆಟಕ್ಕೇ ಹೆಸರಿಟ್ಟಿದ್ದಾರೆ. ಈ ಎರಡು ಹೆಸರು ಸೇರಿ ಆದದ್ದು ಅದು. ಈ ಆಟಗಳಲ್ಲಿ ಮುಂದೆ ಹೋಗುವಷ್ಟೇ ಹಿಂದಕ್ಕೂ ಹೋಗಬೇಕು. ನೋಡಿದ ಜಾಗಕ್ಕೇ ಮತ್ತೆ ಬರಬೇಕು. ಮಜಾ ಇರುವುದೇ ಅಲ್ಲಿ.

ನಾನು ಈ ಎರಡನ್ನೂ ಆಡಿದ್ದು ಅವು ಬಂದ ಎಷ್ಟೋ ವರ್ಷದ ಮೇಲೆ. ಆದರೂ ಇವುಗಳಷ್ಟು ನನ್ನ ಮನಸ್ಸಿಗೆ ಹತ್ತಿರವಾದ ಆಟ ಬೇರೆ ಇಲ್ಲ.

ಮೊದಲು ಸೂಪರ್ ಮೆಟ್ರಾಯ್ಡ್. ಯೋಶಿಯೋ ಸಕಮೋಟೊ ಇದರ ನಿರ್ದೇಶಕರು. ಸ್ಯಾಮಸ್ ಆರನ್ ಅನ್ನುವ ಹೆಣ್ಣುಮಗಳು, ಮೈತುಂಬಾ ಕವಚ ತೊಟ್ಟು, ಕಳುವಾದ ಒಂದು ಮರಿಜೀವಿಯನ್ನು ಹುಡುಕಿಕೊಂಡು ಜೆಬೆಸ್ ಅನ್ನುವ ಗ್ರಹಕ್ಕೆ ಇಳಿಯುತ್ತಾಳೆ. ಹೊರಗೆ ಮಳೆ. ಕತ್ತಲು. ಒಳಗೆ ಹೋದರೆ ಒಂದು ನರಪಿಳ್ಳೆಯೂ ಇಲ್ಲ. ಕೋಣೆ ಆದ ಮೇಲೆ ಕೋಣೆ ಖಾಲಿ. ಹಾಗೇ ಕೆಳಗಿಳಿದರೆ ಒಂದು ಪಾಳುಬಿದ್ದ ಜಾಗ ಸಿಗುತ್ತದೆ. 1986ರಲ್ಲಿ ಬಂದ ಮೊದಲ ಮೆಟ್ರಾಯ್ಡ್ ಆಟದ ಕೊನೆಯ ಕಾಳಗ ನಡೆದದ್ದು ಅಲ್ಲೇ. ಆ ಆಟದ ಕೊನೆ, ಈ ಆಟದ ಮೊದಲು. ಇನ್ನೂ ಕೆಳಗೆ ಹೋಗಿ ಎಡಕ್ಕೆ ತಿರುಗಿದರೆ ಒಂದು ವಸ್ತು ಇದೆ. ಅದನ್ನು ತೆಗೆದುಕೊಂಡರೆ ಸ್ಯಾಮಸ್ ಚೆಂಡಿನ ಹಾಗೆ ಮುದುರಿಕೊಂಡು ಸಣ್ಣ ಸಂದಿಗಳಲ್ಲಿ ಉರುಳಬಹುದು. ಬಲಕ್ಕೇ ಓಡಿ ಅಭ್ಯಾಸವಾದ ಕೈಗೆ ಸಿಗುವ ಮೊದಲ ಬಹುಮಾನ ಎಡಕ್ಕೆ ಇಟ್ಟಿದ್ದಾರೆ, ನೋಡಿ. ಅದನ್ನೂ ಕ್ಷಿಪಣಿಯನ್ನೂ ತೆಗೆದುಕೊಂಡು ಮೇಲೆ ಬಂದರೆ, ಆಗ ಖಾಲಿ ಇದ್ದ ಕೋಣೆಗಳಲ್ಲೆಲ್ಲ ಈಗ ಶತ್ರುಗಳು. ಯಾರೋ ನಮ್ಮನ್ನು ನೋಡಿಬಿಟ್ಟಿದ್ದಾರೆ ಅಂತ ಎದೆ ಝಲ್ ಅನ್ನುತ್ತದೆ. ಒಂದು ಸಾಲು ಮಾತಿಲ್ಲದೆ ಇಷ್ಟನ್ನೂ ಹೇಳಿದ್ದಾರೆ.

ಹೌದು, ಈ ಆಟದಲ್ಲಿ ಪೀಠಿಕೆ ಮುಗಿದ ಮೇಲೆ ಮಾತು ಇಲ್ಲವೇ ಇಲ್ಲ ಅನ್ನಬೇಕು. ಹೊಸ ವಸ್ತು ಸಿಕ್ಕಾಗ ಅದರ ಹೆಸರು, ಯಾವ ಬಟನ್ ಅನ್ನುವುದು, ಅಷ್ಟೇ. ಕೆಂಪು ಬಾಗಿಲಿಗೆ ಕ್ಷಿಪಣಿ ಬೇಕು, ಹಸಿರಿಗೆ ಇನ್ನೂ ದೊಡ್ಡ ಕ್ಷಿಪಣಿ, ಹಳದಿಗೆ ಭಾರಿ ಬಾಂಬು. ಅದನ್ನೂ ನಾವೇ ಹೊಡೆದು ನೋಡಿ ತಿಳಿಯಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಒಂದಿದೆ. ಬ್ರಿನ್‌ಸ್ಟಾರ್ ಅನ್ನುವ ಹಸಿರು ಹಸಿರಾದ ಪ್ರದೇಶದಲ್ಲಿ ಬಾವಿಯ ಹಾಗೆ ಆಳವಾದ ಒಂದು ಗುಂಡಿ. ತಳದಲ್ಲಿ ಮೂರು ಪುಟ್ಟ ಪ್ರಾಣಿಗಳು. ಅವು ಏನೂ ತೊಂದರೆ ಕೊಡುವುದಿಲ್ಲ. ಒಂದು ಸಣ್ಣ ರಾಗ ಹಾಡುತ್ತವೆ. ಆಮೇಲೆ ಒಂದು ಗೋಡೆಗೆ ಹಾರಿ, ಅದನ್ನು ಒದ್ದು, ಎದುರು ಗೋಡೆಗೆ ಹಾರಿ, ಹೀಗೆ ಹತ್ತುತ್ತಾ ಮೇಲೆ ಹೋಗುತ್ತವೆ. ಮತ್ತೆ ಇಳಿದು ಬರುತ್ತವೆ, ಮತ್ತೆ ಹತ್ತುತ್ತವೆ. ನಾನು ಎಷ್ಟೋ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ. ಆಮೇಲೆ ಹೊಳೆಯಿತು, ಇವು ನನಗೆ ಪಾಠ ಮಾಡುತ್ತಿವೆ ಅಂತ. ಗೋಡೆಗೆ ಹಾರಿ, ಅದರ ವಿರುದ್ಧ ದಿಕ್ಕಿಗೆ ಒತ್ತಿ, ತಕ್ಷಣ ಜಂಪ್ ಬಟನ್ ಒತ್ತಬೇಕು. ಹತ್ತು ಸಲ ಬಿದ್ದೆ. ಇಪ್ಪತ್ತು ಸಲ ಬಿದ್ದೆ. ಕೊನೆಗೆ ಮೇಲೆ ಬಂದೆ.

ಆಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಹೀಗೆ ಹಾರುವುದು ಸ್ಯಾಮಸ್‌ಗೆ ಹೊಸದಾಗಿ ಸಿಕ್ಕ ಶಕ್ತಿ ಅಲ್ಲ. ಮಳೆಯಲ್ಲಿ ಇಳಿದ ಮೊದಲ ನಿಮಿಷದಿಂದಲೂ ಅವಳಿಗೆ ಅದು ಬರುತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನಗೆ. ಅಲ್ಲಿಂದ ಮುಂದೆ ಹಳೆಯ ಕೋಣೆಗಳಿಗೆ ವಾಪಸ್ ಹೋದಾಗ ಪ್ರತಿ ಗೋಡೆಯೂ ಬೇರೆ ಥರ ಕಂಡಿತು. ಕೋಣೆ ಅದೇ, ಗೋಡೆ ಅದೇ. ನೋಡುವ ಕಣ್ಣು ಬೇರೆ.

ಈಗ ಸಿಂಫನಿಗೆ ಬರೋಣ. ಇದರ ನಿರ್ದೇಶಕರು ತೋರು ಹಗಿಹಾರ. ಕಥೆ ಬರೆದು, ಆಟವನ್ನು ರೂಪಿಸುವುದರಲ್ಲಿ ದೊಡ್ಡ ಪಾಲು ಪಡೆದವರು ಕೋಜಿ ಇಗರಾಶಿ. ಅವರ ಮನಸ್ಸಿನಲ್ಲಿ ಮಾದರಿಯಾಗಿದ್ದದ್ದು ಮೆಟ್ರಾಯ್ಡ್ ಅಲ್ಲ, ನಿಂಟೆಂಡೊದ ಇನ್ನೊಂದು ಆಟ 'ಜೆಲ್ಡಾ'. ಅದನ್ನು ಅವರೇ ಹೇಳಿದ್ದಾರೆ. ಪ್ಲೇಸ್ಟೇಷನ್ ಬಂದು ಎಲ್ಲರೂ ತ್ರೀಡಿ ತ್ರೀಡಿ ಅನ್ನುತ್ತಿದ್ದ ಕಾಲ ಅದು. ಇವರು ಮಾತ್ರ ಪಕ್ಕದಿಂದ ನೋಡುವ ಚಪ್ಪಟೆ ಚಿತ್ರಗಳನ್ನೇ ಹಿಡಿದುಕೊಂಡು, ಅದನ್ನು ಎಷ್ಟು ಚೆಂದ ಮಾಡಬಹುದೋ ಅಷ್ಟು ಚೆಂದ ಮಾಡಿದರು.

ನಾಯಕ ಅಲುಕಾರ್ಡ್, ರಕ್ತಪಿಪಾಸು ಡ್ರಾಕುಲಾನ ಮಗ. ಅಪ್ಪನ ಹೆಸರನ್ನು ಇಂಗ್ಲಿಷಿನಲ್ಲಿ ಹಿಂದಿನಿಂದ ಮುಂದಕ್ಕೆ ಬರೆದರೆ ಮಗನ ಹೆಸರು. ಅಪ್ಪನ ಕೋಟೆಯನ್ನು ಮುಗಿಸಲು ಮಗನೇ ಬರುತ್ತಾನೆ. ಒಳ್ಳೆಯ ಕತ್ತಿ, ಗುರಾಣಿ, ಕವಚ ಎಲ್ಲ ಇರುತ್ತದೆ. ಒಂದೇ ಏಟಿಗೆ ಶತ್ರುಗಳು ಉರುಳುತ್ತಾರೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಾಕ್ಷಾತ್ ಮೃತ್ಯುವೇ ಎದುರು ನಿಂತು ಅಷ್ಟನ್ನೂ ಕಿತ್ತುಕೊಂಡು ಹೋಗುತ್ತದೆ. ಬರಿಗೈ. ಅಲ್ಲಿಂದ ಒಂದೊಂದಾಗಿ ಕೂಡಿಸಿಕೊಳ್ಳಬೇಕು. ಶತ್ರುಗಳನ್ನು ಕೊಂದಷ್ಟೂ ಲೆವೆಲ್, ಅಂದರೆ ಅವನ ಬಲದ ಮಟ್ಟ, ಏರುತ್ತದೆ. ಮುಂದೆ ತೋಳವಾಗಬಹುದು, ಬಾವಲಿಯಾಗಬಹುದು, ಮಂಜಾಗಿ ಸರಳುಗಳ ನಡುವೆ ನುಸುಳಬಹುದು.

ಈ ಕೋಟೆಯಲ್ಲಿ ಏನಿಲ್ಲ ಹೇಳಿ! ಕೆಲಸಕ್ಕೆ ಬಾರದ ಎಷ್ಟೊಂದು ವಿಷಯವನ್ನು ಪ್ರೀತಿಯಿಂದ ಮಾಡಿಟ್ಟಿದ್ದಾರೆ. ಕುರ್ಚಿ ಕಂಡರೆ ಅಲುಕಾರ್ಡ್ ಕೂತುಕೊಳ್ಳುತ್ತಾನೆ. ಕಡಲೆಕಾಯಿ ತಿನ್ನಬೇಕಾದರೆ ಮೇಲಕ್ಕೆ ಎಸೆದು ಬಾಯಲ್ಲೇ ಹಿಡಿಯಬೇಕು. ಪ್ರಾರ್ಥನಾ ಮಂದಿರದಲ್ಲಿ ತಪ್ಪೊಪ್ಪಿಗೆ ಹೇಳಿಕೊಳ್ಳುವ ಒಂದು ಸಣ್ಣ ಗೂಡಿದೆ. ಕೂತರೆ ಆಚೆ ಬದಿಗೆ ಪಾದ್ರಿಯ ದೆವ್ವ ಬಂದು ಕೂರುತ್ತದೆ. ಒಮ್ಮೊಮ್ಮೆ ಒಳ್ಳೆಯದಾಗಲಿ ಅಂತ ಏನಾದರೂ ಕೊಡುತ್ತದೆ. ಒಮ್ಮೊಮ್ಮೆ ಸುತ್ತಲಿಂದ ಈಟಿಗಳು ನುಗ್ಗುತ್ತವೆ.

ಸಂಗೀತದ ವಿಷಯ ಬಾನುಲಿಯಲ್ಲಿ ಹೇಳದೆ ಇರುವುದು ಹೇಗೆ? ಮೆಟ್ರಾಯ್ಡ್‌ಗೆ ಸಂಗೀತ ಮಾಡಿದವರು ಕೆಂಜಿ ಯಮಾಮೊಟೊ ಮತ್ತು ಮಿನಾಕೊ ಹಮಾನೊ. ಇಡೀ ಆಟ ಹಿಡಿಸಬೇಕಾಗಿದ್ದದ್ದು ಬರೀ 3 ಎಂಬಿಯ ಕ್ಯಾಸೆಟ್‌ನಲ್ಲಿ. ಇವತ್ತು ನಮ್ಮ ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ ಅಷ್ಟಿರುತ್ತದೆ. ಅಷ್ಟರಲ್ಲೇ ಅವರು ಒಂಟಿತನವನ್ನು ಕೇಳಿಸಿದರು. ಎಷ್ಟೋ ಕಡೆ ಅದು ರಾಗಕ್ಕಿಂತ ಹೆಚ್ಚಾಗಿ ಒಂದು ಗುಂಯ್‌ಗುಡುವ ಸದ್ದು, ಜಾಗವೇ ಉಸಿರಾಡಿದ ಹಾಗೆ. ಸಿಂಫನಿಗೆ ಸಂಗೀತ ಮಿಚಿರು ಯಮಾನೆ ಅವರದು. ಇವರಿಗೆ ಸಿ.ಡಿ. ಸಿಕ್ಕಿತ್ತು, ಜಾಗಕ್ಕೆ ಬರವಿರಲಿಲ್ಲ. ಬಾಗಿಲು ದಾಟುತ್ತಿದ್ದ ಹಾಗೆ ರಾಕ್, ಇನ್ನೊಂದು ಕಡೆ ಚರ್ಚಿನ ಗಾನ. ಪುಸ್ತಕ ಭಂಡಾರಕ್ಕೆ ಕಾಲಿಟ್ಟರೆ ಹಾರ್ಪ್ಸಿಕಾರ್ಡ್ ಅನ್ನುವ ಹಳೆಯ ತಂತಿವಾದ್ಯ, ಮಣಿ ಉದುರಿದ ಹಾಗೆ. ನಾನು ಅಲ್ಲಿ ಆಟ ನಿಲ್ಲಿಸಿ ಅದನ್ನೇ ಕೇಳಿದ್ದೇನೆ.

ಇನ್ನು ಸಿಂಫನಿಯ ದೊಡ್ಡ ಗುಟ್ಟು. ಕೋಟೆಯ ತುದಿಯಲ್ಲಿ ಸಿಂಹಾಸನದ ಮೇಲೆ ರಿಕ್ಟರ್ ಅನ್ನುವ ವೀರ ಕೂತಿದ್ದಾನೆ. ಅವನನ್ನು ಕೊಂದರೆ ಆಟ ಮುಗಿಯುತ್ತದೆ. ಆದರೆ ಎರಡು ಉಂಗುರ ಹುಡುಕಿ, ದೊಡ್ಡ ಗಡಿಯಾರದ ಕೋಣೆಯಲ್ಲಿ ತೊಟ್ಟರೆ, ನೆಲ ತೆರೆದು ದಾರಿಯಾಗುತ್ತದೆ. ಅಲ್ಲಿ ಒಂದು ಕನ್ನಡಕ ಸಿಗುತ್ತದೆ. ಹಾಕಿಕೊಂಡು ಹೋದರೆ ರಿಕ್ಟರ್‌ನ ತಲೆಯ ಮೇಲೆ ಹಸಿರು ಗೋಲ ಕಾಣಿಸುತ್ತದೆ. ಅವನನ್ನು ಕುಣಿಸುತ್ತಿರುವುದು ಅದು. ಗೋಲವನ್ನು ಒಡೆದರೆ ಆಕಾಶದಲ್ಲಿ ಇನ್ನೊಂದು ಕೋಟೆ ತೆರೆದುಕೊಳ್ಳುತ್ತದೆ. ಇದೇ ಕೋಟೆ, ತಲೆಕೆಳಗು. ಚಾವಣಿ ನೆಲವಾಗಿದೆ, ಮೆಟ್ಟಿಲು ನೆತ್ತಿಯ ಮೇಲಿದೆ. ಮೃತ್ಯು ಕಿತ್ತುಕೊಂಡಿದ್ದ ಕತ್ತಿ, ಗುರಾಣಿ, ಕವಚ ಸಿಗುವುದು ಅಲ್ಲೇ. ಇನ್ನೇನು ಮ್ಯಾಪ್ ನೂರು ಪರ್ಸೆಂಟ್ ಆಯಿತು ಅಂದುಕೊಂಡವರಿಗೆ ಲೆಕ್ಕ 200.6ರವರೆಗೆ ಹೋಗುತ್ತದೆ.

ಎರಡರಲ್ಲಿ ಯಾವುದು ಮೇಲು ಅಂತ ಯಾರಾದರೂ ಕೇಳೇ ಕೇಳುತ್ತಾರೆ ಅಲ್ವಾ. ಹೊಸದಾಗಿ ಆಡುವವರಿಗೆ ನಾನು ಕೊಡುವುದು ಸಿಂಫನಿ. ಕಷ್ಟವಾದರೆ ಸ್ವಲ್ಪ ಹೊತ್ತು ಸುತ್ತಾಡಿ ಲೆವೆಲ್ ಏರಿಸಿಕೊಂಡರೆ ದಾರಿ ಸಲೀಸಾಗುತ್ತದೆ. ಮೆಟ್ರಾಯ್ಡ್‌ನಲ್ಲಿ ಆ ಅನುಕೂಲ ಇಲ್ಲ. ಓಡುವ ಬಟನ್ ಇದೆ ಅಂತಲೇ ಗೊತ್ತಿಲ್ಲದೆ, ಕಾಲಿಟ್ಟ ಕಡೆ ಕುಸಿಯುವ ಒಂದು ಸೇತುವೆಯ ಹತ್ತಿರ ಕೈಚೆಲ್ಲಿದವರು ಎಷ್ಟೋ ಜನ. ಆಯುಧ ಬದಲಾಯಿಸುವುದೂ ಅದರಲ್ಲಿ ತೊಡಕು.

ಆದರೆ ಸಿಂಫನಿಯ ಎರಡನೇ ಅರ್ಧ ನನಗೆ ಅಷ್ಟು ಹಿಡಿಸಲಿಲ್ಲ. ತಲೆಕೆಳಗಾದ ಕೋಟೆಯಲ್ಲಿ ಒಂದೇ ರಾಗ ಹಲವು ಕಡೆ ಮತ್ತೆ ಮತ್ತೆ ಬರುತ್ತದೆ. ಅಷ್ಟು ಹೊತ್ತಿಗೆ ಅಲುಕಾರ್ಡ್‌ನ ಬಲವೂ ಜಾಸ್ತಿಯಾಗಿ ಯಾವ ಶತ್ರುವೂ ಲೆಕ್ಕಕ್ಕಿಲ್ಲ. ಅಲ್ಲಿ ಬೆಳೆದದ್ದು ಅವನು. ಮೆಟ್ರಾಯ್ಡ್‌ನಲ್ಲಿ ಬೆಳೆದದ್ದು ನಾನು. ಅದಕ್ಕೇ ನನ್ನ ಮಟ್ಟಿಗೆ ಮೆಟ್ರಾಯ್ಡ್ ಒಂದು ತೂಕ ಜಾಸ್ತಿ.

ಅದರ ಕೊನೆಯನ್ನು ಹೇಳಿಬಿಡುತ್ತೇನೆ. ಗ್ರಹ ಸಿಡಿಯಲು 3 ನಿಮಿಷ ಇದೆ. ಗಂಟೆ ಬಡಿದುಕೊಳ್ಳುತ್ತಿದೆ, ಗೋಡೆಗಳು ನಡುಗುತ್ತಿವೆ. ಹಡಗಿನತ್ತ ಓಡುವುದೊಂದೇ ತಲೆಯಲ್ಲಿ ಇರುತ್ತದೆ. ಮೊದಲ ಸಲ ನಾನೂ ಹಾಗೇ ಓಡಿದೆ. ಎರಡನೇ ಸಲ ಆಡುವಾಗ ದಾರಿಯ ಪಕ್ಕದ ಒಂದು ಬಾಗಿಲಿನೊಳಗೆ ನುಗ್ಗಿದೆ. ಅಲ್ಲಿ ಆ ಮೂರು ಪುಟ್ಟ ಪ್ರಾಣಿಗಳು ಸಿಕ್ಕಿಹಾಕಿಕೊಂಡಿದ್ದವು. ಗೋಡೆಗೆ ಗುಂಡು ಹೊಡೆದೆ. ದಾರಿಯಾಯಿತು. ಓಡಿದವು. ನಾನೂ ಹಡಗು ಹತ್ತಿದೆ. ಜೆಬೆಸ್ ಸಿಡಿಯುವಾಗ ಪರದೆಯ ಮೇಲೆ ಒಂದು ಸಣ್ಣ ಬೆಳಕಿನ ಚುಕ್ಕಿ ಗ್ರಹದಿಂದ ಆಚೆ ಹಾರಿಹೋಯಿತು. ಮೊದಲ ಸಲ ಆ ಚುಕ್ಕಿ ಇರಲಿಲ್ಲ.

ನಮಸ್ಕಾರ.