ಮರಗಸಿ ಕಾಣದ ಮರಗಳು

ಕೇಳುಗರಿಗೆ ನಮಸ್ಕಾರ.

ರೊಬಸ್ಟಾ ಕಾಫಿಯ ಕೊಯ್ಲು ಮುಗಿದು, ಗಿಡ ಅರಳಿಸುವ ಹೂಮಳೆ ಒಂದು ಬಿದ್ದಿತೆಂದರೆ ತೋಟದಲ್ಲಿ ಕೈ ತುಸು ಬಿಡುವಾಗುತ್ತದೆ. ಮದುವೆ, ಆಸ್ಪತ್ರೆ, ಮಕ್ಕಳ ಕಾಲೇಜು ಎಂದು ಬೆಂಗಳೂರಿಗೆ ಹೋಗಿಬರುವ ಕೆಲಸಗಳು ಆಗ ನೆನಪಾಗುತ್ತವೆ. ಈ ಸಲ ಹೋದಾಗ ಅರ್ಧ ದಿನ ಉಳಿಸಿಕೊಂಡು ಲಾಲ್‌ಬಾಗಿಗೆ ಹೋಗಿಬನ್ನಿ. ಹೂವಿಗಲ್ಲ, ಮರ ನೋಡಲಿಕ್ಕೆ. ಯಾವ ಕೊಂಬೆ ಇಳಿಸಬೇಕು, ಎಷ್ಟು ಬಿಸಿಲು ಬಿಡಬೇಕು ಎಂದು ವರ್ಷವೂ ಕಾಫಿಯ ನೆರಳುಮರಗಳಿಗೆ ಮರಗಸಿ, ಅಂದರೆ ಕೊಂಬೆ ಸವರುವ ಕೆಲಸ, ಮಾಡಿಸುವವರು ನಾವು. ನೆರಳಿನ ಲೆಕ್ಕಕ್ಕೆ ಯಾರೂ ಕತ್ತಿ ತಾಗಿಸದಿದ್ದರೆ ಒಂದು ಮರ ಎಷ್ಟು ಅಗಲಕ್ಕೆ ಕೈಚಾಚುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಮಡಿಕೇರಿಯಿಂದ ರಾತ್ರಿ ಬಸ್ಸು ಹಿಡಿದರೆ ಬೆಳಗಿನ ಜಾವಕ್ಕೆ ಬೆಂಗಳೂರು. ಮೆಜೆಸ್ಟಿಕ್‌ನಲ್ಲಿ ಇಳಿದವರು ಹಸಿರು ಮಾರ್ಗದ ಮೆಟ್ರೋ ಹತ್ತಿ ದಕ್ಷಿಣಕ್ಕೆ ಹೋಗಬೇಕು. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು ದಾಟಿದರೆ ನಾಲ್ಕನೆಯದೇ ಲಾಲ್‌ಬಾಗ್ ನಿಲ್ದಾಣ. ಪಶ್ಚಿಮ ದ್ವಾರ ಅಲ್ಲಿಂದ ನಡೆಯುವಷ್ಟೇ ದೂರ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದಿದ್ದರೆ ಹತ್ತಿರದ ದೀಪಾಂಜಲಿನಗರದಲ್ಲಿ ನೇರಳೆ ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿಕೊಳ್ಳಿ. ತೋಟದ ಬಾಗಿಲು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಪ್ಲಾಸ್ಟಿಕ್ ಒಳಗೆ ಒಯ್ಯುವಂತಿಲ್ಲ, ನೀರಿಗೆ ಸ್ಟೀಲ್ ಬಾಟಲಿ ಇರಲಿ. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವಗಳ ಫಲಪುಷ್ಪ ಪ್ರದರ್ಶನದ ದಿನಗಳನ್ನು ಮಾತ್ರ ಬಿಟ್ಟುಬಿಡಿ. ಆ ನೂಕುನುಗ್ಗಲಿನಲ್ಲಿ ಮರದ ಬುಡಕ್ಕೆ ನಿಂತು ತಲೆಯೆತ್ತಲಿಕ್ಕೂ ಜಾಗ ಸಿಗುವುದಿಲ್ಲ.

ತೋಟಕ್ಕೆ ಈಗ 240 ಎಕರೆ. 1760ರಲ್ಲಿ ಹೈದರಾಲಿ ಶುರುಮಾಡಿದ, ಟಿಪ್ಪು ಬೆಳೆಸಿದ. 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಎಲ್ಲವನ್ನೂ ಒಂದೇ ಬೆಳಿಗ್ಗೆ ಸುತ್ತುತ್ತೇನೆಂದು ಹೊರಟರೆ ಕಾಲು ಸೋಲುವುದೇ ಲಾಭ. ಬಂಡೆ, ಕೆರೆ, ಗಾಜಿನ ಮನೆ, ಈ ಮೂರು ಸಾಕು. ಬಂಡೆಯಿಂದಲೇ ಶುರುಮಾಡಿ, ಏಕೆಂದರೆ ಅದರ ಮೇಲೆ ನೆರಳಿಲ್ಲ. ಹೊತ್ತೇರಿತೆಂದರೆ ಕಾವಲಿಯಂತೆ ಕಾಯುತ್ತದೆ. ಮಳೆ ಬಿದ್ದ ದಿನವಾದರೆ ಜಾರುತ್ತದೆ, ಸವೆದ ಚಪ್ಪಲಿ ಹಾಕಿಕೊಂಡು ಹತ್ತಬೇಡಿ. ನೆತ್ತಿಯ ಮೇಲಿರುವುದು ಕೆಂಪೇಗೌಡ ಗೋಪುರ. ಕಾಲ ಕೆಳಗಿನ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. 1975ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದರು. ಕುಕ್ಕರಗಾಲಲ್ಲಿ ಕೂತು ನೋಡಿದರೆ ಕಪ್ಪು ಬಿಳಿ ಪಟ್ಟಿಗಳು ಅಲೆಅಲೆಯಾಗಿ ಹರಿದದ್ದು ಕಾಣುತ್ತದೆ. ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಕಲ್ಲು ಮಡಿಚಿಕೊಂಡ ಗುರುತು ಅದು.

ಬಂಡೆ ಇಳಿದು ಕೆರೆಯ ಕಡೆಗೆ ನಡೆಯಿರಿ. ಅಲ್ಲಿರುವ ಬಿಳಿ ಬೂರುಗದ ಮರದ ಹತ್ತಿರ ಅವಸರ ಮಾಡಬೇಡಿ. ಇದರ ಬೇರು ನೆಲದ ಮೇಲೆ ಹಲಗೆ ನಿಲ್ಲಿಸಿದ ಹಾಗೆ ಎದ್ದಿದೆ, ಎರಡು ಹಲಗೆಗಳ ನಡುವೆ ಮನುಷ್ಯ ಮರೆಯಾಗಬಹುದು. ನಮ್ಮ ದೇವರಕಾಡುಗಳ ಹಳೆಯ ಮರಗಳಲ್ಲೂ ಈ ಹಲಗೆಬೇರು ಕಂಡವರಿದ್ದೀರಿ. ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಹರಡಿದಾಗ ಆ ಎತ್ತರವನ್ನು ಗಾಳಿಗೆ ಬೀಳದಂತೆ ಹಿಡಿಯುವುದು ಈ ಹಲಗೆಗಳೇ. ಇಂಥ ಮರಕ್ಕೆ ದೊಡ್ಡ ಪೆಟ್ಟು ಕೊಡುವುದು ಕೊಡಲಿಯಲ್ಲ, ಕಾಲು. ದಿನವೂ ನೂರಾರು ಜನ ಬುಡ ತುಳಿದರೆ ಮಣ್ಣು ಗಟ್ಟಿಯಾಗಿ ಸಣ್ಣ ಬೇರುಗಳಿಗೆ ಗಾಳಿ ಸಿಗುವುದಿಲ್ಲ, ನೀರೂ ಇಂಗುವುದಿಲ್ಲ. ಆಗ ಮರ ತುದಿಯಿಂದ ಒಣಗುತ್ತಾ ಬರುತ್ತದೆ. ತೊಗಟೆಯ ಮೇಲೆ ಹೆಸರು ಕೆತ್ತುವುದೂ ಹಾಗೆಯೇ: ಎಲೆ ಮಾಡಿದ ಆಹಾರ ಬೇರಿಗಿಳಿಯುವ ದಾರಿ ಇರುವುದು ತೊಗಟೆಯ ಒಳಪದರದಲ್ಲಿ. ದಯವಿಟ್ಟು ಬೇಲಿ ದಾಟಬೇಡಿ, ಮಕ್ಕಳನ್ನೂ ದಾಟಿಸಿ ಫೋಟೋ ತೆಗೆಯಬೇಡಿ.

ನಮ್ಮ ಚಪ್ಪರದ ಸೀಮೆಬದನೆಗೂ ಈ ತೋಟಕ್ಕೂ ನಂಟಿದೆ. 1874ರಿಂದ ಇಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರೂನ್ ಬೆಂಗಳೂರಿಗೆ ತಂದು ಬೆಳೆಸಿದ ಗಿಡಗಳಲ್ಲಿ ಅದೂ ಒಂದು. ಅವರ ನಂತರ ಬಂದ ಜರ್ಮನಿಯ ಕ್ರುಂಬಿಗೆಲ್, ಒಂದು ಜಾತಿಯ ಹೂವು ಉದುರುವಾಗ ಇನ್ನೊಂದು ಅರಳುವಂತೆ ಊರಿನ ರಸ್ತೆಗಳಿಗೆ ಮರ ಆರಿಸಿದರು. ಮಾರ್ಚ್‌ನಲ್ಲಿ ಹೋದವರಿಗೆ ಜಕರಂಡದ ನೀಲಿ ಸಿಕ್ಕೀತು.

ಮಧ್ಯಾಹ್ನಕ್ಕೆ ಸಮಯ ಉಳಿದರೆ ಕಬ್ಬನ್ ಪಾರ್ಕ್. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದಲ್ಲಿ ಮೂರನೆಯ ನಿಲ್ದಾಣ. 1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ ಉದ್ಯಾನ ಇದು. ಇಲ್ಲಿ ಸಿಲ್ವರ್ ಮರ, ಅಂದರೆ ಸಿಲ್ವರ್ ಓಕ್, ಹುಡುಕಿ. ಆಸ್ಟ್ರೇಲಿಯಾ ಮೂಲದ ಈ ಮರಕ್ಕೆ ನಾವು ಕೊಂಬೆ ಸವರಿ, ಮೆಣಸಿನ ಬಳ್ಳಿ ಹಬ್ಬಿಸಿ, ಕಂಬ ಮಾಡಿಟ್ಟಿದ್ದೇವೆ. ಅದರ ಸಸ್ಯನಾಮ ಗ್ರೆವಿಲಿಯಾ ರೊಬಸ್ಟಾ. ಕಾಫಿಯ ಹೆಸರಿನಲ್ಲಿರುವ ಪದವೇ, ಗಟ್ಟಿಮುಟ್ಟು ಎಂದರ್ಥ.

ಲಾಲ್‌ಬಾಗಿನಲ್ಲಿ ನೋಡಬೇಕೆಂದ ಮೂರರಲ್ಲಿ ಗಾಜಿನ ಮನೆಯ ಮಾತು ಇನ್ನೂ ಉಳಿದಿದೆ. ಅದಕ್ಕೆ 1889ರಲ್ಲಿ ಅಡಿಗಲ್ಲು ಬಿತ್ತು. ಅದರ ಆಸುಪಾಸಿನಲ್ಲಿ ಅರಕೇರಿಯಾ ಇದೆ, ನಾವು ಕ್ರಿಸ್ಮಸ್ ಮರ ಅನ್ನುತ್ತೇವಲ್ಲ, ಅದು. ಇವುಗಳಲ್ಲಿ ಕುಕ್ ಪೈನ್ ಎಂಬ ಜಾತಿ ನೆಟ್ಟಗೆ ಬೆಳೆಯುವುದಿಲ್ಲ, ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ. ಐದು ಖಂಡಗಳ ಮರಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ವಾಲು 8 ಡಿಗ್ರಿಗೂ ಹೆಚ್ಚು. ನಮ್ಮಲ್ಲಿ ಅದು ದಕ್ಷಿಣಕ್ಕೆ ವಾಲಬೇಕು. ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ವಾಲು ಕಡಿಮೆ, ಬರಿಗಣ್ಣಿಗೆ ತಪ್ಪಿಹೋಗಬಹುದು. ಒಂದು ನೂಲಿಗೆ ಬೀಗದಕೈ ಕಟ್ಟಿ, ಮರದ ಪೂರ್ವಕ್ಕೋ ಪಶ್ಚಿಮಕ್ಕೋ ಇಪ್ಪತ್ತು ಹೆಜ್ಜೆ ದೂರ ನಿಂತು, ನೂಲನ್ನು ಕಣ್ಣೆದುರು ಇಳಿಬಿಟ್ಟು ಕಾಂಡಕ್ಕೆ ಹೊಂದಿಸಿ ನೋಡಿ. ಕೊಡಗಿನ ಎಷ್ಟೋ ಬಂಗಲೆಗಳ ಅಂಗಳದಲ್ಲೂ ಕ್ರಿಸ್ಮಸ್ ಮರಗಳಿವೆ. ಊರಿಗೆ ಮರಳಿದ ಮೇಲೆ ಅದೇ ನೂಲನ್ನು ಅಲ್ಲೂ ಹಿಡಿದು ನೋಡಿ.

ನಮಸ್ಕಾರ.