ಇಲಿಯ ಪಾದ ಊದಿಕೊಳ್ಳುವ ಆ ಕೆಲವು ಗಂಟೆಗಳು

ಕೇಳುಗರೇ, ನಮಸ್ಕಾರ.

ಊತ, ನೋವು ಇಳಿಸುವ ಹೊಸ ಔಷಧವನ್ನು ಮನುಷ್ಯರಿಗೆ ಕೊಡುವ ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಾರೆ. ಅದಕ್ಕೆ ಹೆಚ್ಚು ಬಳಸುವ ವಿಧಾನ ಇಲಿಯ ಪಾದದ ಊತ. ಸಂಶೋಧಕ ವಿಂಟರ್ ಮತ್ತು ಸಂಗಡಿಗರು ಇದನ್ನು 1962ರಲ್ಲಿ ಪ್ರಕಟಿಸಿದರು.

ಕ್ಯಾರಜೀನನ್ ಎನ್ನುವುದು ಕೆಂಪು ಕಡಲಪಾಚಿಯಿಂದ ತೆಗೆಯುವ ಲೋಳೆಯಂಥ ಪದಾರ್ಥ. ಇದರ ಶೇಕಡಾ 1ರ ದ್ರಾವಣವನ್ನು, ಸಾಮಾನ್ಯವಾಗಿ 0.1 ಮಿಲಿಲೀಟರ್, ಇಲಿಯ ಹಿಂಗಾಲಿನ ಅಂಗಾಲಿಗೆ ಚುಚ್ಚಿ ಊತ ಬರಿಸುತ್ತಾರೆ. ಪರೀಕ್ಷೆಯ ಔಷಧವನ್ನು ಅದಕ್ಕೂ ಮುಂಚೆ ಕೊಟ್ಟಿರುತ್ತಾರೆ. ಆಮೇಲೆ ಪಾದವನ್ನು ಗುರುತು ಹಾಕಿದ ಮಟ್ಟದವರೆಗೆ ದ್ರವದಲ್ಲಿ ಅದ್ದಿ, ದ್ರವ ಎಷ್ಟು ಮೇಲೇರಿತು ಎಂದು ನೋಡುತ್ತಾರೆ. ಊತದ ಅಳತೆ ಅಷ್ಟೇ.

ನನ್ನನ್ನು ಸೆಳೆಯುವುದು ಇಲ್ಲಿನ ಸಮಯದ ಲೆಕ್ಕ. ಮೊದಲ ಗಂಟೆಯ ಊತದಲ್ಲಿ ದೇಹವೇ ಬಿಡುವ ರಾಸಾಯನಿಕಗಳಾದ ಹಿಸ್ಟಮಿನ್, ಸೆರೊಟೊನಿನ್‌ಗಳದ್ದೇ ಮೇಲುಗೈ. ಆಮೇಲೆ ಅಂಥದ್ದೇ ಇನ್ನೊಂದು, ಬ್ರಾಡಿಕೈನಿನ್, ಬರುತ್ತದೆ. ಚುಚ್ಚಿದ ಸುಮಾರು 3ರಿಂದ 5 ಗಂಟೆಗಳ ನಂತರ ಊತ ಜಾಸ್ತಿಯಾಗುತ್ತದೆ. ಆಗ ಊತ, ನೋವು ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್‌ಗಳ ಸರದಿ, ಬಿಳಿ ರಕ್ತಕಣಗಳೂ ಅಲ್ಲಿಗೆ ನುಗ್ಗಿರುತ್ತವೆ. ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತದೆ ಎಂದು ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. ಹೋಲಿಕೆಗೆ ಬಳಸುವ, ಆಸ್ಪಿರಿನ್‌ನಂತೆಯೇ ಕೆಲಸ ಮಾಡುವ ಇಂಡೊಮೆಥಾಸಿನ್ ಔಷಧ ಮೂರನೇ ಗಂಟೆಯಲ್ಲಿ ಚೆನ್ನಾಗಿ ಕೆಲಸ ಮಾಡುವುದೂ ಇದಕ್ಕೇ. ಹಾಗಾಗಿ ಒಂದೇ ಹೊತ್ತಿನಲ್ಲಿ ಅಳೆದು ಬಿಟ್ಟರೆ ಸಾಲದು. ಔಷಧ ಯಾವ ಗಂಟೆಯಲ್ಲಿ ಊತ ತಗ್ಗಿಸಿತು ಎನ್ನುವುದೇ ಅದು ಎಲ್ಲಿ ಕೆಲಸ ಮಾಡುತ್ತಿರಬಹುದು ಎಂಬ ಸುಳಿವು, ಅಲ್ವಾ?

ಸುಳಿವು ಮಾತ್ರ, ಪುರಾವೆಯಲ್ಲ. ಪರೀಕ್ಷೆಗೆಂದು ಹೊಟ್ಟೆಯೊಳಕ್ಕೆ ಚುಚ್ಚಿದ ಸಸ್ಯಸಾರ ಅಲ್ಲೇ ಉರಿ ಎಬ್ಬಿಸಿದರೂ ಪಾದದ ಊತ ತಗ್ಗಬಹುದು. ಅದನ್ನು ನೋಡಿ ಔಷಧ ಸಿಕ್ಕಿತೆಂದು ಸಾರುವುದು ಅವಸರ. ಪುಟ್ಟ ಜಾತಿಯ ಇಲಿಯ (ಮೌಸ್) ಕಿವಿಗೆ ಚರ್ಮ ಕೆರಳಿಸುವ ಕ್ರೋಟನ್ ಎಣ್ಣೆ ಹಚ್ಚುವ, ಬೆನ್ನಿನ ಚರ್ಮದಡಿ ಗಾಳಿಚೀಲ ಮಾಡುವ ಬೇರೆ ವಿಧಾನಗಳೂ ಇವೆ. ಎರಡು ಕಡೆ ಒಂದೇ ಫಲಿತಾಂಶ ಬಂದರೆ ನಂಬಿಕೆ ಹೆಚ್ಚುತ್ತದೆ.

ಆದರೆ ಆ ಪಾದ ನೋಯುತ್ತದೆ. ಇದನ್ನು ಮರೆಸಿ ಮಾತಾಡಲು ನನಗೆ ಮನಸ್ಸಿಲ್ಲ. ನೋವು ನಿವಾರಕ ಕೊಡೋಣವೆಂದರೆ ಅವುಗಳಲ್ಲಿ ಹಲವು ಊತವನ್ನೂ ಇಳಿಸುತ್ತವೆ, ಪರೀಕ್ಷೆಯೇ ಕೆಡುತ್ತದೆ. ಪ್ರಾಣಿಗಳಿಗೆ ಬದಲಿ ಹುಡುಕಿ, ಸಂಖ್ಯೆ ಇಳಿಸಿ, ಯಾತನೆ ತಗ್ಗಿಸಿ ಎಂದು ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದರು. ಇಲ್ಲಿ ಅದನ್ನು ಪಾಲಿಸುವ ದಾರಿಗಳಿವೆ. ಜೀವಕೋಶಗಳ ಮೇಲಿನ ಪರೀಕ್ಷೆಯಲ್ಲಿ ಸೋತ ಪದಾರ್ಥವನ್ನು ಇಲಿಯವರೆಗೆ ತರಬಾರದು. ಬೇಕಾದ ಅಳತೆ ಸಿಕ್ಕ ಕೂಡಲೇ ಪ್ರಯೋಗ ನಿಲ್ಲಿಸಬೇಕು. ಅದೇ ಪಾದದ ಅಂಗಾಂಶದಲ್ಲಿ ಬಿಳಿ ರಕ್ತಕಣಗಳನ್ನೂ ಪ್ರೋಸ್ಟಗ್ಲಾಂಡಿನ್‌ಗಳನ್ನೂ ಅಳೆದುಕೊಂಡರೆ, ಅದಕ್ಕೆಂದೇ ಇನ್ನೊಂದು ಗುಂಪು ಇಲಿಗಳು ಬೇಕಾಗುವುದಿಲ್ಲ.